ಗೌರಿ ಹಬ್ಬಕ್ಕೆ ಸಾರಿಸಿದ ಗೋಡೆ

೧೯೫೩ನೇ ಇಸವಿ, ಅಕ್ಟೋಬರ್ ೧೪, ಬೆಳಗ್ಗೆ ಏಳು ಗಂಟೆ. ಮನೆಮನೆಗೆ ಸೊಳ್ಳೆ ಔಷಧಿ ಹೊಡೆಯುವ ರೇವಣ್ಣ ಏದುಸಿರು ಬಿಡುತ್ತ ಠಾಣೆಗೆ ಬಂದ. ಜೊತೆಗಾರ ಶಾಂತಪ್ಪ ಹಾರಂಗಿ ಹೊಳೆಯ ದಡದಲ್ಲಿ ಹೆಣವಾಗಿ ಬಿದ್ದಿದ್ದಾನೆ ಅಂದ. ಇನ್‌ಸ್ಪೆಕ್ಟರ್ ಬೋಜಪ್ಪ ಎಫ್‌ಐಆರ್ ಬರೆಸಿ, ಪೇದೆ ಸಣ್ಣಸ್ವಾಮಿಯನ್ನು ಕರೆದುಕೊಂಡು ಹೊರಟರು.

ತಲೆಯ ಹಿಂಭಾಗಕ್ಕೆ ಒಂದೇ ಏಟು. ಪಂಪು ಪಕ್ಕದಲ್ಲೇ ಇತ್ತು, ಜೇಬಿನ ದುಡ್ಡೂ ಹಾಗೇ ಇತ್ತು. ಬಾಯಿ ತುಂಬ ಸೊಳ್ಳೆ ಔಷಧಿಯ ಡಿಡಿಟಿ ಪುಡಿ ತುರುಕಿದ್ದರು. ಗಾಯಕ್ಕೆ ಕೆಮ್ಮಣ್ಣು ಮೆತ್ತಿತ್ತು. ಆ ದಡದಲ್ಲೋ ಬರೀ ಮರಳು. ಸಣ್ಣಸ್ವಾಮಿ ಅದನ್ನೂ ಪಂಚನಾಮೆಗೆ ಸೇರಿಸಿದ.

"ಇವನ ಮೇಲೆ ಯಾರಿಗೆ ಸಿಟ್ಟು?" ಬೋಜಪ್ಪ ರೇವಣ್ಣನನ್ನು ಕೇಳಿದರು.

"ಸೊಳ್ಳೆ ಸಾಹೇಬ್ರು ಬಂದ್ರು ಅಂತ ಎಲ್ಲರೂ ಆಡ್ಕೋತಾರೆ ಸಾರ್, ಅಷ್ಟೇ. ಕೆಂಪಣ್ಣ ಮಾತ್ರ ನಿನ್ನೆ ಬಾಗಿಲಿಗೇ ಬಿಡಲಿಲ್ಲ. ಹೋದ ಸಲ ನೀರು ಹೊಡೆದು ಔಷಧಿ ಮಾರ್ಕೊಂಡ್ರಿ ಅಂದ. ಅವನ ಮಗಳು ಚಿನ್ನಿ ಚಳಿಜ್ವರದಲ್ಲಿ ಹೋಗಿ ವಾರ ಆಗಿಲ್ಲ."

"ಮಾರ್ಕೊಂಡಿದ್ರಾ?"

"ನಾನೇ ಕಲಸಿಕೊಟ್ಟಿದ್ದು ಸಾರ್. ಸತ್ತವನಿಗೆ ಕಳ್ಳ ಅನ್ನೋ ಹೆಸರು ಬೇಡ. ನಾಪೋಕ್ಲಲ್ಲಿ ಹೆಂಡ್ತಿ ಮಕ್ಕಳಿದಾರೆ." ರೇವಣ್ಣ ಕಣ್ಣೊರೆಸಿಕೊಂಡ. "ಸೊಳ್ಳೆ ಕಚ್ಚಿ ಹೋಗಿ ಗೋಡೆ ಮೇಲೆ ಕೂರುತ್ತೆ. ಪುಡಿ ತಗುಲಿ ಸಾಯುತ್ತೆ. ಗೋಡೆ ಮುಟ್ಟಬೇಡಿ ಅಂತ ಮನೆಮನೆಗೂ ಹೇಳಿದ್ವಿ."

ಕೆಂಪಣ್ಣ ಹಾಸನದ ಕಡೆಯಿಂದ ಬಂದು ನೆಲೆ ನಿಂತವನು. ನೆರೆಮನೆಗಳ ಗೋಡೆಯಲ್ಲಿ ಹೋದ ಸಲದ ಪುಡಿಯ ಬಿಳಿ ಕಲೆ ಇನ್ನೂ ಇತ್ತು. ಇವನ ಮನೆಯ ಗೋಡೆ ಮಾತ್ರ ಒಳಗೆಲ್ಲ ಕೆಂಪಗೆ, ನುಣ್ಣಗೆ. ಮೂಲೆಯಲ್ಲಿ ಕೂತಿದ್ದ ಕೆಂಪಣ್ಣ ತಲೆ ತಗ್ಗಿಸಿದ. ಬೋಜಪ್ಪ ಗೋಡೆಯನ್ನೇ ನೋಡುತ್ತ ನಿಂತರು.

"ಇದನ್ನ ಯಾವಾಗ ಸಾರಿಸಿದ್ದಮ್ಮ?"

"ಗೌರಿ ಹಬ್ಬಕ್ಕೆ, ಬುದ್ಧಿ." ಕೆಂಪಣ್ಣನ ಹೆಂಡತಿ ಸಿದ್ದಮ್ಮ ತೊಟ್ಟಿಲು ತೂಗುತ್ತಲೇ ಅಂದಳು. ತೊಟ್ಟಿಲಲ್ಲಿ ಹಸುಗೂಸು. "ಅವ್ರು ಹೊಡೆದು ಹೋದ ಮೇಲೆ ಗೋಡೆಯೆಲ್ಲ ಬೂದಿ ಬಡಿದಂಗಿತ್ತು. ಗೌರಮ್ಮನ್ನ ಹಂಗೆ ಕೂರ್ಸೋಕಾಯ್ತದಾ?"

ಸಣ್ಣಸ್ವಾಮಿ ಹಿತ್ತಲಿಂದ ಗುದ್ದಲಿ ತಂದ. ತೊಳೆದಿತ್ತು. ಕಾವಿನ ಸಂದಿಯಲ್ಲಿ ಮಾತ್ರ ಕೆಮ್ಮಣ್ಣು, ಅದರೊಳಗೆ ಕೂದಲು.

"ಯಾವ ಮಣ್ಣಿದು, ಕೆಂಪಣ್ಣ?"

"ಮಗಳನ್ನ ಹೂತ ಗುಂಡೀದು." ಅವನು ತಲೆ ಎತ್ತಲಿಲ್ಲ. "ಪಕ್ಕದ ಮನೆ ಮಕ್ಕಳು ಆಡ್ಕೊಂಡು ಚೆನ್ನಾಗವೆ. ನಮ್ಮನೇಗೇ ನೀರು ಹೊಡೆದ. ನಿಜವಾದ ಔಷಧಿ ಆದ್ರೆ ನೀನೇ ತಿನ್ನು ಅಂತ ತುರುಕಿದೆ."

ಕೈಗೆ ಕೋಳ ಬಿತ್ತು. ಬೋಜಪ್ಪ ಅವನನ್ನು ಹುಲ್ಲಿನ ಮೆದೆಯ ಮರೆಗೆ ಕರೆದೊಯ್ದರು.

"ಅವನು ನೀರು ಹೊಡೆಯಲಿಲ್ಲ ಕಣಯ್ಯ. ಔಷಧಿ ನಿನ್ನ ಗೋಡೆಯಲ್ಲೇ ಇದೆ, ಸಗಣಿ ಮಣ್ಣಿನ ಕೆಳಗೆ."

ಕೆಂಪಣ್ಣ ಮೆದೆಯ ಮರೆಯಿಂದ ಮನೆಯ ಕಡೆ ಇಣುಕಿದ. 

"ಮಣ್ಣು ತಂದ್ಕೊಟ್ಟವನು ನಾನೇ, ಬುದ್ಧಿ."

"ಶಾಂತಪ್ಪ ಕಳ್ಳ ಅಲ್ಲ ಅಂತ ನಾನು ಬರೆಯಲೇಬೇಕು."

"ಬರ್ಕೊಳ್ಳಿ. ಅವಳ ಕಿವಿಗೆ ಮಾತ್ರ ಹಾಕಬ್ಯಾಡಿ. ಬದುಕಲ್ಲ ಅವಳು."

ಮಧ್ಯಾಹ್ನ ಬೋಜಪ್ಪ ರೇವಣ್ಣನಿಂದ ಆ ಮನೆಗೆ ಹೊಸದಾಗಿ ಔಷಧಿ ಹೊಡೆಸಿದರು. ಪಂಪಿನ ಸದ್ದಿಗೆ ಕೂಸು ಎದ್ದು ಅತ್ತಿತು. ಕೆಂಪಣ್ಣನನ್ನು ಜೀಪು ಹತ್ತಿಸಿ ತಿರುಗಿ ನೋಡಿದರೆ, ಸಿದ್ದಮ್ಮ ಮಗಳ ಸೂತಕ ಕಳೆಯಬೇಕೆಂದು ಅಂಗಳದಲ್ಲಿ ಆಗಲೇ ಸಗಣಿ ಕಲಸುತ್ತಿದ್ದಳು.

"ನೆಲ ಎಷ್ಟು ಬೇಕಾದ್ರೂ ಸಾರಿಸ್ಕೋ ತಾಯಿ. ಗೋಡೆ ಮುಟ್ಟಬೇಡ."

ಅವಳು ಸಗಣಿಯ ಕೈ ಎತ್ತಿ ಹಿಡಿದು ಅವರ ಮುಖ ನೋಡಿದಳು.

"ಯಾಕೆ ಬುದ್ಧಿ, ಮುಟ್ಟಿದ್ರೆ ಏನಾಯ್ತದೆ?"