ಹದಿನಾಲ್ಕು ಮಿಲಿಮೀಟರ್

ನಾಲ್ಕು ತೂತುಗಳನ್ನು ಎಲ್ಲಿ ಕೊರೆಯಬೇಕು ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಇದಕ್ಕಿಂತ ಸಣ್ಣ ವಿಷಯಗಳಿಗೆ ರಾಜ್ಯಗಳು ಉರುಳಿವೆ, ಅಣ್ಣತಮ್ಮಂದಿರು ಜನ್ಮವಿಡೀ ಮುಖ ತಿರುಗಿಸಿಕೊಂಡು ಓಡಾಡಿದ್ದಾರೆ. ಅಂಗೈಯಗಲದ ಅಲ್ಯೂಮಿನಿಯಂ ಪ್ಲೇಟಿನ ಮೇಲೆ ಆ ನಾಲ್ಕು ತೂತು ಎಲ್ಲಿ ಬೀಳಬೇಕೆಂಬ ಚಿಂತೆಯಲ್ಲಿ ಲೇತ್ ವರ್ಕ್‌ಶಾಪಿನ ಮೈಕ್ರಾನ್ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಮೈಕ್ರಾನ್ ಎಂಬುದು ಬೀದಿಯವರು ಕೊಟ್ಟ ಬಿರುದು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಮಾಡಿದ್ದನ್ನು ಗುಜರಿ ಡಬ್ಬಕ್ಕೆ ಎಸೆದು ಮೊದಲಿಂದ ಶುರು ಮಾಡುವ ಆಸಾಮಿ. ಅಳತೆಯಲ್ಲಿ ಇಷ್ಟು ಗಟ್ಟಿಗನಾದವನು ಮಾತಿನಲ್ಲಿ ಪರಮ ಮೊದ್ದು. ಎದುರು ಶೆಡ್ಡಿನಲ್ಲಿ ದೋಣಿಗಳಿಗೆ ಫೈಬರ್ ತೇಪೆ ಹಾಕುವವಳನ್ನು ಮೂರು ವರ್ಷದಿಂದ ಕದ್ದು ನೋಡುತ್ತಿದ್ದ. ಅವಳೊಂದಿಗೆ ಆಡಿದ ಅತಿ ಉದ್ದದ ವಾಕ್ಯ: "ಬುಧವಾರ ಬನ್ನಿ, ರೆಡಿ ಇರತ್ತೆ."

ಅವಳಿಗೊಂದು ಹುಚ್ಚು ಹಿಡಿದಿತ್ತು. ನೀರಿನ ಮೇಲೆ ಹಾರುವ ಹಲಗೆ. ಹಲಗೆಯ ಕೆಳಗೊಂದು ಕಂಬ, ಕಂಬದ ತುದಿಗೆ ರೆಕ್ಕೆ, ರೆಕ್ಕೆಯ ಮೇಲೆ ಮೋಟರು. ವೇಗ ಹತ್ತಿದರೆ ರೆಕ್ಕೆ ಎತ್ತುತ್ತದೆ, ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ಸಿದ್ಧವಾದದ್ದು ಬೇಡ, ಸ್ವಂತ ಕೈಯಲ್ಲೇ ಕಟ್ಟಬೇಕೆಂಬ ಹಟ ಅವಳದು.

ಮೋಟರನ್ನು ಕಂಬಕ್ಕೆ ಬಿಗಿಯುವ ಕ್ಲ್ಯಾಂಪನ್ನು ಮೈಕ್ರಾನ್ ಮಾಡಿಕೊಟ್ಟ. ಅವಳು ಅದನ್ನು ಕಂಬಕ್ಕೆ ತೊಡಿಸಿ, ಬೆರಳಲ್ಲಿ ಸವರಿ, ಮೆಲ್ಲಗೆ ಕಣ್ಣೆತ್ತಿದಳು. ರೆಪ್ಪೆಯ ಮೇಲೆ ಫೈಬರಿನ ಬಿಳಿ ಧೂಳಿತ್ತು.

"ಎಲ್ಲಿ ಸೇರಿದೆ ಅಂತಾನೇ ಗೊತ್ತಾಗಲ್ಲ, ಅಲ್ವಾ?"

ಅವಳು ಹೋದ ಮೇಲೆ ಅವನ ಲೇತು ಹತ್ತು ನಿಮಿಷ ಖಾಲಿ ತಿರುಗಿತು.

ಆಮೇಲೆ ಕಂಟ್ರೋಲರ್ ಬಂತು. ಬ್ಯಾಟರಿಯಿಂದ ಮೋಟರಿಗೆ ಎಷ್ಟು ಕರೆಂಟು ಹೋಗಬೇಕೆಂದು ತೀರ್ಮಾನಿಸುವ ವಸ್ತು ಅದು. ಮೈಕ್ರಾನ್ ಮೂರು ವಾರ ಓದಿ, ಹುಡುಕಿ, ಅವಳಿಗೆಂದೇ ಒಂದನ್ನು ತರಿಸಿ ಡ್ರಾಯರಿನಲ್ಲಿಟ್ಟಿದ್ದ. ಕೊಡಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಅವಳೇ ಇನ್ನೊಂದನ್ನು ಹಿಡಿದು ಬಂದಳು. ಜೊತೆಗೆ ಅದನ್ನು ಕೊಟ್ಟ ಮಹಾನುಭಾವ: ಡ್ರೋನ್ ಹಾರಿಸಿ ಫೋಟೊ ತೆಗೆಯುವವನು, ತಲೆಗೂದಲನ್ನೂ ಗಾಳಿಗೆ ಹಾರಿಬಿಟ್ಟವನು.

"ಲೋ, ಅಲ್ಲಿ ಗ್ರೀಸ್ ಇದೆ ಕಣೋ, ಕೂತ್ಕೋಬೇಡ," ಎಂದು ಅವಳು ಅವನ ತೋಳೆಳೆದಳು. ನಂತರ ಮೈಕ್ರಾನನ ಕಡೆ ತಿರುಗಿ, "ನೀವು ಇದನ್ನ ಕೂರಿಸೋಕೆ ಪ್ಲೇಟಿಗೆ ನಾಲ್ಕು ತೂತು ಹಾಕ್ಕೊಡ್ತೀರಾ? ತೂತಿಂದ ತೂತಿಗೆ ಅರವತ್ತೆರಡು ಮಿಲಿಮೀಟರ್," ಎಂದಳು.

ಅವನಿಗೆ 'ಲೋ', ಇವನಿಗೆ 'ನೀವು'. ಗೌರವ ಇಷ್ಟು ಉರಿಯುತ್ತದೆಂದು ಮೈಕ್ರಾನನಿಗೆ ಅಂದೇ ತಿಳಿದದ್ದು.

ಅದನ್ನಾದರೂ ಸಹಿಸಬಹುದಿತ್ತು. ಡ್ರೋನಿನವನು ಮೇಜಿನ ಮೇಲಿದ್ದ ಅಳತೆಯ ವರ್ನಿಯರನ್ನು, ಮೈಕ್ರಾನ್ ದಿನಾ ಬಟ್ಟೆಯಲ್ಲಿ ಸುತ್ತಿಡುವ ಆ ವರ್ನಿಯರನ್ನು, ಎತ್ತಿಕೊಂಡು ಆರಾಮಾಗಿ ಬೆನ್ನು ಕೆರೆದುಕೊಂಡ.

ಅವರು ಹೋದ ಮೇಲೆ, ಮೂಲೆಯಲ್ಲಿ ಡ್ರಿಲ್ ಬಿಟ್‌ಗಳಿಗೆ ಸಾಣೆ ಹಿಡಿಯುತ್ತಿದ್ದ ಅಕ್ಕ ಕೇಳಿದಳು, "ಯಾಕೋ, ಹೊಟ್ಟೆ ಉರೀತಿದ್ಯಾ?"

"ಉರಿ ಅಲ್ಲಕ್ಕ. ಆ ಕಂಟ್ರೋಲರ್ ಬಗ್ಗೆ ನಂದೊಂದು ಟೆಕ್ನಿಕಲ್ ಅಭಿಪ್ರಾಯ."

"ನಿನ್ನ ಟೆಕ್ನಿಕಲ್ ಅಭಿಪ್ರಾಯಕ್ಕೆ ಕಿವಿ ಎರಡೂ ಕೆಂಪಾಗಿವೆ, ನೋಡ್ಕೋ."

ಎರಡು ದಿನದ ಉಪವಾಸದ ನಂತರ ಅವನು ತೂತು ಕೊರೆದ.

ಬುಧವಾರ ಅವಳೊಬ್ಬಳೇ ಬಂದಳು. ಡ್ರೋನಿನವನ ಕಂಟ್ರೋಲರನ್ನು ಪ್ಲೇಟಿನ ಮೇಲಿಟ್ಟಳು. ಕೂರಲಿಲ್ಲ. ತಿರುಗಿಸಿ ಇಟ್ಟಳು. ಆಗಲೂ ಇಲ್ಲ.

"ತಪ್ಪಾಗಿದೆ," ಎಂದ ಮೈಕ್ರಾನ್ ನೆಲ ನೋಡುತ್ತ. "ನನ್ನತ್ರ ಒಂದಿದೆ. ಅದೇನಾದ್ರೂ ಸರಿಹೋಗತ್ತೇನೋ..." ಡ್ರಾಯರ್ ಎಳೆದು ತನ್ನದನ್ನು ಕೊಟ್ಟ. ಅದು ಪ್ಲೇಟಿನ ಮೇಲೆ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತು.

ಅವಳು ಅವನನ್ನೊಮ್ಮೆ, ಪ್ಲೇಟನ್ನೊಮ್ಮೆ ನೋಡಿದಳು. ವರ್ನಿಯರ್ ಎತ್ತಿಕೊಂಡು ಅಳೆದಳು. ಎರಡು ಕಡೆಯೂ ನಲವತ್ತೆಂಟು.

"ನಾನು ಹೇಳಿದ್ದು ಅರವತ್ತೆರಡು. ಹದಿನಾಲ್ಕು ಮಿಲಿಮೀಟರ್ ತಪ್ಪು. ಅದೂ ಇಷ್ಟು ನೀಟಾಗಿ?"

ಮೂಲೆಯಲ್ಲಿ ಸಾಣೆಕಲ್ಲು ನಿಂತಿತು.

"ಮೂರು ವರ್ಷದಲ್ಲಿ ಕೂದಲೆಳೆ ತಪ್ಪಿದವರಲ್ಲ ನೀವು. ಇದು ತಪ್ಪಲ್ಲ. ಏನಿದು?"

"ಅವನು ನಿಮಗೇನಾಗಬೇಕು?"

"ಯಾರು?"

"ಬೆನ್ನು ಕೆರ್ಕೊಂಡವನು."

ಅವಳ ತುಟಿಯಂಚಿನಲ್ಲಿ ಬಂದ ನಗು ಅಲ್ಲೇ ನಿಂತಿತು. "ಹೋದ ವರ್ಷ ನನ್ನ ಕೇಳಿದ್ದ. ಆಗಲ್ಲ ಅಂದೆ. ಈಗ ಫ್ರೆಂಡು. ಅವನು ಬಾಯಿಬಿಟ್ಟು ಕೇಳ್ದ, ಉತ್ತರ ಸಿಕ್ತು. ನೀವು ತೂತು ಕೊರೀತೀರಿ."

ಮೈಕ್ರಾನ್ ಬಗ್ಗಿ ತನ್ನ ಕಂಟ್ರೋಲರನ್ನು ಪ್ಲೇಟಿನಿಂದ ಎತ್ತಿಕೊಂಡ. "ಇದನ್ನ ಹಾಕಬೇಡಿ. ಅವನದನ್ನ ನೋಡಿದ ಮೇಲೇ ನನಗೆ ಹೊಳೆದಿದ್ದು. ಇದು ಗಾಳೀಲಿ ತಣ್ಣಗಾಗೋದು. ಹಲಗೆಯೊಳಗಿನ ಮುಚ್ಚಿದ ಪೆಟ್ಟಿಗೇಲಿ ಗಾಳಿ ಎಲ್ಲಿಂದ ಬರಬೇಕು, ಕಾದು ನಿಂತುಬಿಡತ್ತೆ. ಅವನದಕ್ಕೆ ನೀರು ಹರಿಯೋ ಪೈಪಿದೆ. ಅವನದೇ ಒಳ್ಳೇದು." ಕೊನೆಯ ಮಾತನ್ನು ಹಲ್ಲು ಕಿತ್ತುಕೊಟ್ಟಂತೆ ಹೇಳಿದ.

"ಗೊತ್ತಿದ್ದೂ ಕೊರೆದ್ರಾ?"

"ಗೊತ್ತಿದ್ದೂ."

"ನಡುನೀರಲ್ಲಿ ನಿಂತಿದ್ರೆ ನನ್ನ ಗತಿ?"

"ಅಷ್ಟರೊಳಗೆ ಹೇಳ್ತಿದ್ದೆ."

"ಯಾವಾಗ? ಮುಂದಿನ ಬುಧವಾರ?"

ಅಕ್ಕ ಕೆಮ್ಮಿದಳು. ಮೈಕ್ರಾನನ ಕಿವಿ ಕುಲುಮೆಯಂತಾಯಿತು. ಕೊನೆಗೂ ಬಾಯಿ ಬಂತು.

"ನೀವಂದ್ರೆ ನನಗಿಷ್ಟ. ಮೂರು ವರ್ಷದಿಂದ. ಅವನಿಗೆ 'ಲೋ' ಅಂತೀರಿ, ನನಗೆ ಅನ್ನಲ್ಲ. ಅದೇ ಸಂಕಟ."

ಅವಳು ಆ ಪ್ಲೇಟನ್ನು ಎತ್ತಿಕೊಂಡು ತೂತುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

"ಇದು ನನಗಿರಲಿ. ನೀನು ಇನ್ನೊಂದು ಪ್ಲೇಟ್ ತಗೋ. ಅರವತ್ತೆರಡಕ್ಕೆ ಕೊರಿ. ಈ ಸಲ ಕೈ ನಡುಗಿದ್ರೆ ನೋಡು ಮತ್ತೆ... ಲೋ."

ಕೈ ನಡುಗಿತು. ಆ ಪ್ಲೇಟು ಗುಜರಿ ಡಬ್ಬಕ್ಕೆ ಹೋಯಿತು. ಮೂರನೆಯದು ಸರಿಬಂತು.

ಭಾನುವಾರ ಹಲಗೆ ನೀರಿನಿಂದ ಮೊಣಕಾಲೆತ್ತರ ಮೇಲೆದ್ದು ಹನ್ನೊಂದು ನಿಮಿಷ ಓಡಿತು. ಡ್ರೋನಿನವನು ಮೇಲಿಂದ ವಿಡಿಯೊ ತೆಗೆದ, ಮೈಕ್ರಾನ್ ದಡದಲ್ಲಿ ಅವನ ಪಕ್ಕದಲ್ಲೇ ನಿಂತು ಸ್ವಲ್ಪ ಹೊಟ್ಟೆ ಉರಿದುಕೊಂಡ. ಕಂಟ್ರೋಲರಿನ ಬಿಸಿ ನಲವತ್ತೆರಡು ಡಿಗ್ರಿ ದಾಟಲಿಲ್ಲ. ಮೂರು ತಿಂಗಳಿಗೆ ಫೈಬರಿನವಳಿಗೂ ಮೈಕ್ರಾನನಿಗೂ ಮದುವೆ ರಿಜಿಸ್ಟರ್ ಆಯಿತು.