ಅಮಾಸಿಯ ಎಣ್ಣೆ

ಆಸೀಮ ಗಿರಣಿಯ ಗೇಟಿನೊಳಗೆ ಬೈಕು ನಿಲ್ಲಿಸಿದಾಗ ಇರಮ ತಲೆ ಎತ್ತಿಯೂ ನೋಡಲಿಲ್ಲ. ನೋಡಲಿಕ್ಕೇನಿದೆ? ಅದೇ ಇಸ್ತ್ರಿ ಅಂಗಿ, ಅದೇ ಅತ್ತರು. ಕಂಪ್ರೆಸರ್ ರಿಪೇರಿಗೆ ಸವಣೂರಿನಿಂದ ಬರುವ ಈ ಮನುಷ್ಯ ಪ್ರತಿ ಸಲವೂ ನಿಕಾಹಕ್ಕೆ ಬಂದವರ ಹಾಗೆ ಬರುತ್ತಿದ್ದ.

ಹಾನಗಲ್ಲಿನ ಆ ಅಕ್ಕಿ ಗಿರಣಿಯಲ್ಲಿ ಕಪ್ಪು ಕಾಳು ಆರಿಸುವ ಯಂತ್ರ ಇರಮಳ ಜವಾಬ್ದಾರಿ. ಕಂಪ್ರೆಸರಿನ ಗಾಳಿ ಕೆಟ್ಟ ಕಾಳನ್ನು ಊದಿ ಆಚೆ ತಳ್ಳಬೇಕು. ಈಗ ಗಾಳಿಯ ಜೊತೆ ಎಣ್ಣೆಯೂ ಬರುತ್ತಿತ್ತು. ಎಣ್ಣೆ ವಾಸನೆಯ ಅಕ್ಕಿ ಯಾರಿಗೆ ಬೇಕು? ಒಂದು ಲಾರಿ ಮಾಲು ವಾಪಸು ಬಂದಿತ್ತು. ಬೈಗುಳವೆಲ್ಲ ಇರಮಳ ಪಾಲಿಗೆ.

"ಮತ್ತ ಸೋರಾಕತ್ತೈತೇನ್ರಿ?" ಆಸೀಮ ಹಲ್ಲು ಕಿರಿದ.

"ಇಲ್ರಿ. ನಿಮ್ಮನ್ನ ನೆನಿಸಿ ಅಳಾಕತ್ತೈತಿ."

ಅವನ ಕಿವಿ ಕೆಂಪಾದವು. ಬಗ್ಗಿ ಸ್ಪ್ಯಾನರ್ ಹಿಡಿದ. ಸೀಲು ಬದಲಿಸಿದ್ದಾಗಿತ್ತು, ಪೈಪು ಬದಲಿಸಿದ್ದಾಗಿತ್ತು, ಇಂದು ಮತ್ತೆ ಅದೇ ನಟ್ಟುಗಳ ಸೇವೆ. ಇರಮ ಮೂಗು ಮುರಿದಳು.

"ಎಲ್ಲಿ ಹಸಿ ಕಾಣ್ತೈತಿ ಅಲ್ಲೇ ಬಿಗೀತೀರಿ. ಇಷ್ಟಕ್ಕ ಮೆಕ್ಯಾನಿಕ್ ಯಾಕ ಬೇಕ್ರಿ? ನನಗೊಂದು ಸಂಶೇ ಐತಿ. ನೀವು ಬೇಕಂತನ ಸೋರಾಕ ಬಿಡ್ತೀರಿ. ಮತ್ತ ಮತ್ತ ಬರಾಕ ನೆವ ಬೇಕಲ್ಲ!"

ಸ್ಪ್ಯಾನರ್ ನಿಂತಿತು. ಅವನು ಎದ್ದು ಕೈ ಒರೆಸಿಕೊಂಡ. ಆ ಮುಖದಲ್ಲಿ ನಗು ಇರಲಿಲ್ಲ. ನಗು ಇಲ್ಲದಾಗ ಅವನ ಕಣ್ಣು ಇಷ್ಟು ದೊಡ್ಡವು ಎಂಬುದನ್ನು ಇರಮ ಮೊದಲ ಬಾರಿ ಗಮನಿಸಿದಳು, ಗಮನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

"ನಿಮ್ಮನ್ನ ನೋಡೂ ಆಸೆ ಐತ್ರಿ. ಸುಳ್ಳ ಯಾಕ ಹೇಳ್ಲಿ? ಆದ್ರ ಅದಕ್ಕಂತ ನನ್ನ ಕೆಲಸಾ ನಾನ ಕೆಡಸೂ ಮನಷ್ಯಾ ಅಲ್ಲ."

ಆ ಮಾತು ಇರಮಳಿಗೆ ಹಿತವೆನಿಸಿತು. ಅದನ್ನು ಮುಚ್ಚಲು ಇನ್ನಷ್ಟು ಸೊಟ್ಟ ಮಾತಾಡಿದಳು.

"ಹಂಗಿದ್ರ ಅಮಾಸಿ ಮರುದಿನಾನ ಯಾಕ ಸೋರ್ತೈತಿ ಅಂತ ಒಮ್ಮೆರ ಕೇಳೀರೇನು?"

ಕೇಳಿರಲಿಲ್ಲ. ಮುಂದಿನ ಅಮಾವಾಸ್ಯೆಗೆ ಆಸೀಮ ಕರೆಯದೆಯೇ ಬಂದು ಮೂಲೆಯಲ್ಲಿ ಕುಳಿತ.

ಗಿರಣಿಯ ಮಾಲಕ ಮೈಲಾರಪ್ಪನಿಗೆ ಅಮಾವಾಸ್ಯೆಯೆಂದರೆ ಯಂತ್ರಗಳ ಪೂಜೆ. ಕುಂಕುಮ ಹಚ್ಚಿದ, ಕಾಯಿ ಒಡೆದ, ಓಡುತ್ತಿದ್ದ ಕಂಪ್ರೆಸರಿನ ಗಾಜಿನ ಕಿಂಡಿಯಲ್ಲಿ ಇಣುಕಿದ. ಎಣ್ಣೆ ತಳ ಕಂಡಿತ್ತು. "ಪಾಪ, ಹಸದೈತಿ!" ಎಂದು ಯಂತ್ರ ನಿಲ್ಲಿಸಿ, ಕ್ಯಾನು ಬಗ್ಗಿಸಿ ಕಂಠಪೂರ್ತಿ ಸುರಿದ.

"ಅಯ್ಯೋ, ಏನ್ ಮಾಡಾಕತ್ತೀರಿ!" ಆಸೀಮ ತಲೆ ಚಚ್ಚಿಕೊಂಡ.

"ಅಮಾಸಿ ದಿನ ಹೊಟ್ಟಿ ತುಂಬ ಉಣಸಬೇಕಪಾ."

ಆಸೀಮ ತಾಳ್ಮೆಯಿಂದ ಹೇಳಿದ: ಓಡುವಾಗ ಎಣ್ಣೆ ಯಂತ್ರದೊಳಗೆಲ್ಲ ಹರಡಿರುತ್ತದೆ, ಕಿಂಡಿಯಲ್ಲಿ ಕಡಿಮೆ ಕಾಣುತ್ತದೆ. ನಿಲ್ಲಿಸಿ, ಗಾಳಿ ಪೂರ್ತಿ ಬಿಟ್ಟು, ಎಣ್ಣೆ ಕೆಳಗಿಳಿದ ಮೇಲೆ ನೋಡಬೇಕು. ಹೆಚ್ಚಾದದ್ದನ್ನು ಯಂತ್ರ ಗಾಳಿಯ ಜೊತೆ ಅಕ್ಕಿಯ ಮೇಲೆ ಕಾರುತ್ತದೆ.

ದೇವರ ಹೆಸರಿನಲ್ಲಿ ಯಂತ್ರಕ್ಕೆ ಅಜೀರ್ಣ! ಇರಮ ಬಿದ್ದು ಬಿದ್ದು ನಕ್ಕಳು. ಆಸೀಮ ಅವಳನ್ನೇ ನೋಡುತ್ತ ನಿಂತ.

ಆಮೇಲೆ ಇಸ್ತ್ರಿ ಅಂಗಿಯ ತೋಳು ಮಡಚಿ ಹೆಚ್ಚಿನ ಎಣ್ಣೆ ಇಳಿಸಿದ. ಎಣ್ಣೆ ಕುಡಿದ ಫಿಲ್ಟರ್ ಬದಲಿಸಿದ. ಸೋಸಿದ ಎಣ್ಣೆ ವಾಪಸು ಬರುವ ಸಣ್ಣ ಪೈಪಿನ ಕಸ ತೆಗೆದ. ಕಿಂಡಿಗೆ ಕೆಂಪು ಗೆರೆ ಎಳೆದು, "ಕಾಯಿ ಎಷ್ಟರ ಒಡೀರಿ, ಎಣ್ಣಿ ಈ ಗೆರಿ ತನಕ" ಎಂದು ಮೈಲಾರಪ್ಪನಿಗೆ ತಾಕೀತು ಮಾಡಿದ. ದಿನವೂ ಗಾಳಿ ಪೈಪಿನ ಬಾಯನ್ನು ಬಿಳಿ ಬಟ್ಟೆಯಿಂದ ಒರೆಸಿ, ಎಣ್ಣೆ ಹತ್ತಿತೇ ಎಂದು ನೋಡಲು ಇರಮಳಿಗೆ ಹೇಳಿದ.

ಬೈಕು ಹತ್ತುವಾಗ ತಡೆದು ನಿಂತ. "ಇನ್ನ ನನಗ ಇಲ್ಲಿ ಕೆಲಸಿಲ್ರಿ. ಮುಂದಿನ ಅಮಾಸಿ ಆದಮ್ಯಾಲ ಅವ್ವ ಶಿಗ್ಗಾವಿಗೆ ಹುಡುಗಿ ನೋಡಾಕ ಹೊಂಟಾಳ. ಬ್ಯಾಡ ಅನ್ನೂವ್ರು ಯಾರರ ಇದ್ರ..."

"ಬಿರಿಯಾನಿ ಛಲೋ ಉಂಡ ಬರ್ರಿ," ಅಂದಳು ಆ ಸೊಕ್ಕಿನ ಹುಡುಗಿ.

ಸೊಕ್ಕಿಗೆ ತಕ್ಕ ಶಾಸ್ತಿಯಾಯಿತು. ಮರುದಿನ ಒರೆಸಿದಳು, ಬಟ್ಟೆ ಬಿಳಿಯಾಗಿಯೇ ಇತ್ತು. ವಾರ ಕಳೆದರೂ ಬಿಳಿ. ದರಿದ್ರ ಯಂತ್ರ, ಬೇಡವಾದಾಗ ಹೊಳೆ ಹರಿಸಿತ್ತು, ಬೇಕಾದಾಗ ಒಂದು ಹನಿಗೂ ಜಿಪುಣತನ! ಒಂದು ಬೆಳಿಗ್ಗೆ ಅವಳ ಬೆರಳು ಪೈಪಿನ ನಟ್ಟಿನ ಮೇಲೆ ಹೋಗಿ ಕೂತಿತು. ಸ್ವಲ್ಪ ತಿರುವಿದರೆ ಸಾಕು, ಸಂಜೆಯೊಳಗೆ ಅವನು ಬರುತ್ತಿದ್ದ. ಆದರೆ ಅವನ ಕೆಲಸಕ್ಕೆ ಕೆಟ್ಟ ಹೆಸರು ಬರುತ್ತಿತ್ತು. ಅವಳು ಕೈ ಹಿಂದೆ ತೆಗೆದಳು. ಅವನ ಹೆಸರು ತನಗೆ ಇಷ್ಟು ಮುಖ್ಯವಾದದ್ದು ಯಾವಾಗ ಎಂದು ನಾಚಿಕೆಯಾಯಿತು, ಅಳುವೂ ಬಂತು.

ಅಮಾವಾಸ್ಯೆ ಬಂತು. ಮೈಲಾರಪ್ಪ ಗೊಣಗುತ್ತಲೇ ಯಂತ್ರ ನಿಲ್ಲಿಸಿ, ಕಾದು, ಗೆರೆಯನ್ನು ನೋಡಿ ಕ್ಯಾನು ಕೆಳಗಿಟ್ಟ. ಮರುದಿನವೂ ಬಟ್ಟೆ ಬಿಳಿಯೇ. ಇರಮ ಫೋನು ಹಚ್ಚಿದಳು.

"ಸೋರಾಕತ್ತೈತೇನ್ರಿ?" ಆಸೀಮನ ದನಿಯಲ್ಲಿ ಗಾಬರಿ.

"ಇಲ್ರಿ. ಒಂದ್ ಹನೀನೂ ಇಲ್ಲ."

"ಮತ್ತ... ಯಾಕ ಫೋನ್ ಮಾಡೀರಿ?"

"ನೆವ ಇಲ್ಲದ ಕರಿಯಾಕ. ನಿಮ್ಮ ಅವ್ವಗ ಹೇಳ್ರಿ, ಶಿಗ್ಗಾವಿ ಬಸ್ಸ ಹತ್ತೂದು ಬ್ಯಾಡ, ಹಾನಗಲ್ ಬಸ್ಸ ಹತ್ತಲಿ."

ಅದಕ್ಕೆ ಆ ಪುಣ್ಯಾತ್ಮ ಕೇಳಿದ್ದು, "ಸ್ಪ್ಯಾನರ್ ತರ್ಲೇನ್ರಿ?"

"ಎಂಥಾ ಮಬ್ಬರೀ ನೀವು!" ಇರಮ ಬಿಳಿ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು. "ಏನೂ ತರಬ್ಯಾಡ್ರಿ. ಆ ಅತ್ತರ ಹಚ್ಕೊಂಡ ಬರ್ರಿ."