ತಡವಾಗಿ ಹೊತ್ತಿದ ಬತ್ತಿಗಳು

ಚಿತ್ರದ ಕಿಟಕಿಯಲ್ಲಿನ ಕತ್ತಲನ್ನು ಮುಚ್ಚಿ ಸಂಜೆಬಿಸಿಲು ಬಳಿದುಬಿಡಲೇ? ಅರ್ಧ ಗಳಿಗೆಯ ಕೆಲಸ. ದೀನಾ ನಗುತ್ತಾಳೆ, ಪುಸ್ತಕ ಅಚ್ಚಿಗೆ ಹೋಗುತ್ತದೆ. ಆದರೆ ಆಮೇಲೆ ಆ ಚಿತ್ರದಲ್ಲಿ ಉಳಿಯುವುದು ಯಾರ ಮನೆ?

ತೋಬಿಯಾಸ್ ಕುಂಚ ಹಿಡಿದು ಸುಮ್ಮನೆ ಕೂತಿದ್ದ. ಬ್ಯೂನಸ್ ಐರಿಸ್‌ನ ಶುಕ್ರವಾರದ ಮುಸ್ಸಂಜೆ. ಕೆಳಗೆ ಅಮ್ಮನ ಬಟ್ಟೆ ಅಂಗಡಿಯಲ್ಲಿ ಇನ್ನೂ ಗಿರಾಕಿಗಳ ಗಲಾಟೆ. ಎದುರಿಗೆ ದೀನಾ ಚಿತ್ರದ ಮೇಲೆ ಬಾಗಿ, ಜಾರುವ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸುತ್ತಿದ್ದಳು. ಹತ್ತು ಹನ್ನೆರಡು ವರ್ಷದ ಮಕ್ಕಳಿಗಾಗಿ ಅವಳು ಬರೆದ ಕಾದಂಬರಿ, ಚಿತ್ರಗಳು ಅವನವು. ಯುದ್ಧವಿಲ್ಲ, ಗೋಳಿಲ್ಲ. ಫುಟ್‌ಬಾಲ್ ಆಡಿ ಮೊಣಕಾಲು ತರಚಿಕೊಳ್ಳುವ ಒಬ್ಬ ಯೆಹೂದಿ ಹುಡುಗಿಯ ಕಥೆ. ಉಳಿದದ್ದು ಇದೊಂದೇ ಚಿತ್ರ: ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನವನ್ನು ಬರಮಾಡಿಕೊಳ್ಳಲು ಶುಕ್ರವಾರ ಸಂಜೆ ಮೇಣದಬತ್ತಿ ಹಚ್ಚುವ ತಾಯಿ. ಇದೂ ಮುಗಿದರೆ ಅವಳು ಈ ಮೆಟ್ಟಿಲು ಹತ್ತಿ ಬರಲು ಕಾರಣವೇ ಇರುವುದಿಲ್ಲ.

"ಸಬ್ಬತ್ತಿನ ಬತ್ತಿ ಹಚ್ಚೋದು ಸೂರ್ಯ ಮುಳುಗೋಕೆ ಮುಂಚೆ ಮಾರಾಯ. ನೀನು ನಕ್ಷತ್ರ ಬೇರೆ ಬರ್ದಿದೀಯ! ನಮ್ಮ ಸೋದರತ್ತೆ ನೋಡಿದ್ರೆ ಪುಸ್ತಕ ನನ್ನ ತಲೆಗೇ ಎಸೀತಾರೆ."

"ಈ ಹೊತ್ತಲ್ಲೂ ನೀನಿಲ್ಲಿ ಕೆಲ್ಸ ಮಾಡ್ತಿರೋದು ಗೊತ್ತಾದ್ರೆ?"

"ಅದು ಅವ್ರಿಗ್ಯಾಕೆ ಗೊತ್ತಾಗ್ಬೇಕು?" ತುಟಿಯಂಚಿಗೆ ಬಂದ ನಗುವನ್ನು ಅವಳು ಅಲ್ಲೇ ತಡೆದಳು. "ತಮಾಷೆ ಅಲ್ಲ. ನಮ್ಮ ಮಕ್ಕಳಿಗೆ ಪುಸ್ತಕದಲ್ಲಿ ತಮ್ಮ ಮನೆ ಕಾಣೋದೇ ಅಪರೂಪ. ಅದನ್ನೂ ತಪ್ಪಾಗಿ ತೋರ್ಸೋದಾ?"

ಅವನು ಸಂಜೆಬಿಸಿಲಿಗೆಂದು ಕಿತ್ತಳೆ ಬಣ್ಣ ಕಲಸತೊಡಗಿದ.

ಕುಂಚ ಕಾಗದಕ್ಕೆ ತಾಗುವ ಮೊದಲೇ ಕೆಳಗೆ ಶಟರ್ ಎಳೆದ ಸದ್ದು. ಬೀದಿದೀಪಗಳು ಆಗಲೇ ಹೊತ್ತಿದ್ದವು. ಅಮ್ಮ ಏದುಸಿರು ಬಿಡುತ್ತ ಮೇಲೆ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅತ್ತಿತ್ತ ನೋಡದೆ ಎರಡು ಬತ್ತಿ ಹಚ್ಚಿ, ಉರಿಯ ಮೇಲೆ ಕೈ ಸುತ್ತಿಸಿ, ಅಂಗೈಗಳಿಂದ ಕಣ್ಣು ಮುಚ್ಚಿಕೊಂಡಳು. ಅವಳ ಹಿಂದಿನ ಕಿಟಕಿಯಲ್ಲಿ ಪೂರ್ತಿ ಕತ್ತಲು.

ಕೈ ತೆಗೆದಾಗಲೇ ಅವಳಿಗೆ ದೀನಾ ಕಂಡದ್ದು. "ಅಯ್ಯೋ, ನೀನಿದ್ಯೇನೇ! ಇದೆಂಥ ಹೊತ್ತಲ್ಲಿ ಹಚ್ತಾಳೆ ಅಂದ್ಕೋಬೇಡ ಮಗಳೇ. ಇವನಪ್ಪ ಹೋದಾಗಿಂದ ಅಂಗಡಿಗೆ ನಾನೊಬ್ಳೇ. ಸೂರ್ಯ ಮುಳುಗ್ತು ಅಂತ ಗಿರಾಕೀನ ಆಚೆ ದಬ್ಬೋಕಾಗತ್ತಾ? ದೇವರಿಗೆ ಗೊತ್ತು, ಕಾಯ್ತಾನೆ."

ದೀನಾ ಬತ್ತಿಗಳನ್ನು ನೋಡಿದಳು, ಚಿತ್ರವನ್ನು ನೋಡಿದಳು, ಕೊನೆಗೆ ಅವನನ್ನು.

"ಹೇಳ್ಬಾರ್ದಿತ್ತಾ?"

ಅವನು ತಲೆ ತಗ್ಗಿಸಿದ. ಅವಳು ಅವನ ಬೆರಳುಗಳ ನಡುವಿನಿಂದ ಕುಂಚವನ್ನು ಮೆಲ್ಲಗೆ ಬಿಡಿಸಿಕೊಂಡು ನೀರಿನಲ್ಲಿ ಅದ್ದಿದಳು. ಕಿತ್ತಳೆ ಬಣ್ಣ ಲೋಟದ ತುಂಬ ಹರಡಿತು.

"ಕತ್ತಲು ಇರ್ಲಿ. ಬದಲಾಗ್ಬೇಕಾದ್ದು ನನ್ನ ಸಾಲು. 'ನಮ್ಮನೇಲಿ ಸಬ್ಬತ್ ಬರೋದು ಅಮ್ಮ ಬಂದಾಗ.' ಇಂಥ ಮನೆ ಮಕ್ಕಳೂ ಓದ್ತಾರಲ್ಲ." ಮತ್ತೆ ಚಿತ್ರಕ್ಕೆ ಬಾಗಿದಳು. "ಹೌದು, ಕಿಟಕಿ ಪಕ್ಕ ಈ ಖಾಲಿ ಕುರ್ಚಿ ಯಾರದು? ನನ್ನ ಕಥೇಲಿ ಇಲ್ಲ."

"ಜಾಗ ತುಂಬೋಕೆ," ಎಂದ. ಅವನ ಕಿವಿಗಳು ಕೆಂಪಾಗಿದ್ದವು.

ಅಮ್ಮ ಮೂರನೇ ತಟ್ಟೆ ತಂದಿಟ್ಟಳು. "ಕೋಳಿ ಸೂಪು ಆರತ್ತೆ. ಕೂತ್ಕೊಳ್ರೋ."

ಹೊರಡಲೆಂದು ಕೋಟು ಎತ್ತಿಕೊಂಡಿದ್ದ ದೀನಾ ಒಂದು ಕ್ಷಣ ತಡೆದಳು. ಆಮೇಲೆ ಅದನ್ನು ಕಿಟಕಿ ಪಕ್ಕದ ಕುರ್ಚಿಯ ಬೆನ್ನಿಗೆ ಹಾಕಿ ಅಲ್ಲೇ ಕೂತಳು. ಜಡೆಯಂತೆ ಹೆಣೆದ ಸಬ್ಬತ್ತಿನ ಬ್ರೆಡ್ಡಿನ ತುಂಡು ಮುರಿದು ಅವನತ್ತ ಚಾಚಿದಳು.

"ಮುಂದಿನ ಶುಕ್ರವಾರ ಬೇಗ ಬರ್ತೀನಿ. ಅಂಗಡೀಲಿ ಅಮ್ಮಂಗೆ ಕೈ ಜೋಡಿಸ್ಬೇಕು."

ಅವನು ಬ್ರೆಡ್ಡು ತೆಗೆದುಕೊಂಡ, ತಲೆಯಾಡಿಸಿದ. ಚಿತ್ರ ಶುರುಮಾಡಿದ ದಿನವೇ ಅದರಲ್ಲಿನ ಆ ಕುರ್ಚಿಯನ್ನು ಅವಳಿಗಾಗಿ ಬರೆದಿದ್ದೆ ಎಂದು ತೋಬಿಯಾಸ್ ಎಂದೂ ಹೇಳಲಿಲ್ಲ.